ಚೆನ್ನಾಗಿದ್ದ ಬಸ್ಸನ್ನು ನಿಲ್ಲಿಸಿದ ಚಾಲಕ

ಮೊಬೈಲ್ ಇನ್ನೂ ಕೈಗೆ ಬಂದಿರದ ವರ್ಷಗಳಲ್ಲಿ ನಾನು ಕನಕಪುರದಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಅಂದು ಬೆಳಿಗ್ಗೆ ಸಾತನೂರಿನಲ್ಲಿ ಹಾಲು ಉತ್ಪಾದಕರ ಸಭೆಯಿತ್ತು. ಸರ್ಕಾರಿ ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟು ಸಿಕ್ಕಿತ್ತು. ಐವತ್ತರ ಆಸುಪಾಸಿನ ಆ ಚಾಲಕನನ್ನು ಅದೇ ದಾರಿಯಲ್ಲಿ ಹಲವು ಸಲ ಕಂಡಿದ್ದೆ. ಮಾತು ಕಡಿಮೆ, ಹಾರ್ನ್ ಇನ್ನೂ ಕಡಿಮೆ.

ಅರ್ಧ ದಾರಿಯಲ್ಲಿ ಒಂದು ಏರು ಮುಗಿದ ಮೇಲೆ ಅವನು ಬಸ್ಸನ್ನು ಹುಣಸೆಮರದ ಕೆಳಗೆ ಹಾಕಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದ. ಕಂಡಕ್ಟರ್‌ಗೆ ಹೇಳಿ ಚಕ್ರಕ್ಕೆ ಕಲ್ಲು ಕೊಡಿಸಿದ. ಆಮೇಲೆ ನಮ್ಮ ಕಡೆ ತಿರುಗಿದ.

"ನಾನಿನ್ನು ಓಡ್ಸಾಕಿಲ್ಲ. ಹಿಂದ್ಗಡೆ ಬರೋ ಬಸ್ಸಿಗೆ ಹತ್ಕಳಿ."

"ಏನ್ ಕೆಟ್ಟೋಯ್ತಣ್ಣ?"

"ಬಸ್ಸು ಚೆನ್ನಾಗೈತೆ. ನಂಗೇ ಸರಿಯಿಲ್ಲ."

ಯಾರಿಗೂ ಇದು ಒಪ್ಪಿಗೆಯಾಗಲಿಲ್ಲ. ಅವನು ಕುಸಿದಿರಲಿಲ್ಲ, ಎದೆ ಹಿಡಿದುಕೊಂಡಿರಲಿಲ್ಲ. ನೆಟ್ಟಗೆ ಕುಳಿತು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ನಮ್ಮ ಕಡೆ ಮೈಗೆ ಏನೇ ಆದರೂ ಮೊದಲ ತೀರ್ಪು ಒಂದೇ. ಹಿಂದಿನ ಸೀಟಿನ ದಪ್ಪ ಮೀಸೆಯ ರೈತನೊಬ್ಬ ಅದನ್ನು ಕೊಟ್ಟ.

"ಗ್ಯಾಸ್ಟ್ರಿಕ್ಕು ಕಣಣ್ಣ. ಸ್ಟ್ಯಾಂಡಲ್ಲಿ ಬೋಂಡ ತಿಂದಿರ್ತೀಯ. ಒಂದ್ ಸೋಡಾ ಬುಟ್ರೆ ಸರೋಯ್ತದೆ."

"ಹೆಂಡ್ರು ಜತೆ ಜಗಳ ಆಡ್ಕಂಡ್ ಬಂದವ್ನೆ ಕಣ್ಲಾ," ಎಂದ ಪಕ್ಕದವನು. "ಸೋಡಾದಲ್ಲಿ ಹೋಗಾಕಿಲ್ಲ."

ನಗು ಎದ್ದಿತು. ರೈತ ಇಳಿದು ಎದುರಿನ ಪೆಟ್ಟಿಗೆ ಅಂಗಡಿಯಿಂದ ಸೋಡಾ ತಂದೇಬಿಟ್ಟ. ನಾನೂ ಸುಮ್ಮನಿರಲಿಲ್ಲ. "ಸಾತನೂರು ಇನ್ನೇನು ಬಂತು. ನಿಧಾನಕ್ಕೆ ಹೋಗಿಬಿಡಿ, ಅಲ್ಲೇ ಡಾಕ್ಟರಿಗೆ ತೋರಿಸಬಹುದು," ಎಂದೆ. ನನ್ನ ತಲೆಯಲ್ಲಿದ್ದದ್ದು ಸಭೆ.

"ಏರು ಹತ್ತುವಾಗ ಮೂರು ಸಲ ಗೇರ್ ಹಾಕ್ದೆ. ಮೂರು ಸಲವೂ ಈ ಎಡಗೈ ಸೋತು ಹಿಂದೆ ಬಿತ್ತು ಸ್ವಾಮಿ. ದವಡೆ ನೋಯ್ತೈತೆ. ಇಷ್ಟು ಗಾಳಿಲೂ ಬೆವರು ಬತ್ತೈತೆ. ಎಂಜಿನ್ನಲ್ಲಿ ಹೊಸ ಸದ್ದು ಬಂದಿದ್ರೆ ನಿಲ್ಲಿಸ್ತಿರ್ಲಿಲ್ವಾ?"

ಸೋಡಾ ಬಾಟಲನ್ನು ಅವನು ಮುಟ್ಟಲಿಲ್ಲ. "ಗ್ಯಾಸ್ ಅಂತ ಡಾಕ್ಟ್ರು ಹೇಳ್ಳಿ. ಬಂದು ನಿಮ್ಗೆಲ್ಲಾ ನಾನೇ ಸೋಡಾ ಕುಡಿಸ್ತೀನಿ."

ಕಂಡಕ್ಟರ್ ಡಿಪೋಗೆ ಒಪ್ಪಿಸಬೇಕಾದ ಹಾಳೆ ತೆಗೆದ. "ಕಾರಣ ಏನಂತ ಬರೀಲಣ್ಣ? ಎಂಜಿನ್ ಬಿಸಿ ಅಂತ ಹಾಕ್ಲಾ?"

"ಅದರ ಮ್ಯಾಲೆ ಯಾಕಪ್ಪ ಹಾಕ್ತೀಯ? ಡ್ರೈವರ್‌ಗೆ ಹುಷಾರಿಲ್ಲ ಅಂತ ಬರಿ."

ಕನಕಪುರದ ಕಡೆ ಹೊರಟಿದ್ದ ಹಾಲಿನ ವ್ಯಾನನ್ನು ಕೈ ಅಡ್ಡ ಹಾಕಿ ನಿಲ್ಲಿಸಿದೆವು. ಬಸ್ಸಿನ ಕೀಲಿಯನ್ನು ಕಂಡಕ್ಟರ್ ಕೈಗಿಟ್ಟು ಅವನು ಹತ್ತಿದ. ಸೋಡಾ ತಂದ ರೈತ ಬಾಟಲ್ ಸಮೇತ ಪಕ್ಕದಲ್ಲಿ ಕುಳಿತ. "ಒಬ್ನೇ ಹೋಗ್ಬ್ಯಾಡ, ನಾನೂ ಬತ್ತೀನಿ," ಎಂದದ್ದು ಕೇಳಿಸಿತು. ನಾನು ಮುಂದಿನ ಬಸ್ಸು ಹಿಡಿದು ಸಭೆಗೆ ಹೋದೆ.

ಮರುವಾರ ಕಂಡಕ್ಟರ್ ಸಿಕ್ಕ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಕನಕಪುರದ ಡಾಕ್ಟರು ಅಂದೇ ಬೆಂಗಳೂರಿಗೆ ಕಳಿಸಿದರು. ಹೊತ್ತಿಗೆ ಸರಿಯಾಗಿ ಬಂದದ್ದಕ್ಕೆ ಜೀವ ಉಳಿಯಿತಂತೆ. ಹುಣಸೆಮರ ದಾಟಿದರೆ ಸಿಗುತ್ತಿದ್ದದ್ದು ಕೆರೆ ಏರಿಯ ತಿರುವು.

ಇದನ್ನು ಬರೆಯುತ್ತೇನೆಂದು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. "ಅಪಘಾತ ಆಯಿತಾ?" ಎಂದರು. ಇಲ್ಲ. "ಹಾಗಾದರೆ ಸುದ್ದಿ ಏನು?" ನ್ಯಾಯವಾದ ಪ್ರಶ್ನೆ, ವಾದಿಸಲಿಲ್ಲ. ಹಾಲು ಉತ್ಪಾದಕರ ಸಭೆಯ ವರದಿ ಎರಡು ಕಾಲಂ ಬಂದಿತ್ತು. ಅಲ್ಲಿ ಯಾರು ಏನು ಮಾತನಾಡಿದರೆಂಬುದು ಈಗ ನೆನಪಿಲ್ಲ.

ಕೆಲವು ತಿಂಗಳ ನಂತರ ಡಿಪೋದಲ್ಲಿ ಅವನನ್ನು ಕಂಡೆ. ಸ್ಟಿಯರಿಂಗ್ ಬಿಡಿಸಿ ಮೇಜಿನ ಕೆಲಸ ಕೊಟ್ಟಿದ್ದರು. ಮೈ ಇಳಿದುಹೋಗಿತ್ತು, ಆದರೆ ಮುಖದ ಬಣ್ಣ ಚೆನ್ನಾಗಿತ್ತು.

"ಸೋಡಾ ಕಾಸು ಉಳೀತು ಸ್ವಾಮಿ. ಗ್ಯಾಸ್ ಅಲ್ವಲ್ಲ," ಎಂದು ನಕ್ಕ.

ಸುದ್ದಿ ಕಳಿಸುವ ಗಡಿಬಿಡಿಯಲ್ಲಿ ನನಗೂ ಎದೆ ಉರಿಯುತ್ತದೆ, ಅದಕ್ಕೆ ಜೇಬಿನಲ್ಲಿ ಗ್ಯಾಸ್ ಮಾತ್ರೆ ಇಟ್ಟುಕೊಂಡಿದ್ದೇನೆ ಎಂದು ಮಾತಿನ ಮಧ್ಯೆ ಹೇಳಿದೆ. ಅವನ ನಗು ನಿಂತಿತು.

"ಯಾವಾಗಿಂದ?"

ಊರಿನ ಎಲ್ಲ ಘಟನೆಗೂ ದಿನ, ವೇಳೆ ಬರೆದಿಡುವ ನನ್ನ ನೋಟ್‌ಬುಕ್ಕಿನಲ್ಲಿ ಇದೊಂದು ಇರಲಿಲ್ಲ. ಅವನಿಗೋ ಅಂದು ಏರಿನಲ್ಲಿ ಗೇರ್ ಹಾಕುವಾಗ ಕೈ ಸೋತ ಮೂರು ಸಲವೂ ಲೆಕ್ಕದಲ್ಲಿತ್ತು.

ಅವನು ಕುರ್ಚಿ ಎಳೆದು ಹಾಕಿದ. "ಕೂತ್ಕಳಿ. ಆತ್ರ ಏನೈತೆ? ಯಾವಾಗ ಸುರುವಾಯ್ತು ಅಂತ ಒಸಿ ಗ್ಯಾಪ್ಕ ಮಾಡ್ಕಳಿ."

ಕುಳಿತೆ. ಹಿಂದಿನ ದೀಪಾವಳಿಗೂ ಮುಂಚೆ ಶುರುವಾದದ್ದು ಎಂದು ನೆನಪಾಗಲು ಬಹಳ ಹೊತ್ತು ಹಿಡಿಯಿತು. ಹಾಗೆಯೇ ಬರೆದುಕೊಂಡು, ಅಂದಿನ ಸುದ್ದಿ ತಡವಾಗುತ್ತದೆಂದು ಡಿಪೋದಿಂದಲೇ ಕಚೇರಿಗೆ ಫೋನ್ ಮಾಡಿ, ಡಾಕ್ಟರ ಬಳಿಗೆ ಹೋದೆ.