ವಾಚಿನ ಗಾಜಿನಡಿಯ ಜೇಡ

ಪ್ರಯೋಗಾಲಯದಲ್ಲಿ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಕಡಬದ ಮನೆಯ ಪೆಟ್ರೋಲ್ ವಾಸನೆ ನೆನಪಾಗುತ್ತದೆ. ಎರಡೂ ಬೇರೆ ಬೇರೆ ವಾಸನೆ, ಆದರೆ ನನ್ನ ಮೂಗು ಅದನ್ನು ಒಪ್ಪುವುದಿಲ್ಲ. ನನ್ನ ದೊಡ್ಡಪ್ಪ ವಾಚು ರಿಪೇರಿ ಮಾಡುತ್ತಿದ್ದರು. ಮನೆಯ ರಸ್ತೆ ಕಡೆಯ ಕೋಣೆಯೇ ಅಂಗಡಿ. ಬಿಚ್ಚಿದ ಚಕ್ರಗಳನ್ನು ಬಟ್ಟಲಿನ ಪೆಟ್ರೋಲಿನಲ್ಲಿ ಅದ್ದಿ ಬ್ರಷ್ಷಿನಿಂದ ತೊಳೆಯುತ್ತಿದ್ದರು. ಆ ವಾಸನೆ ದೊಡ್ಡಮ್ಮನ ಒಗ್ಗರಣೆಯ ಘಮವನ್ನೂ ದಾಟಿ ಬಚ್ಚಲಿನವರೆಗೆ ಹೋಗುತ್ತಿತ್ತು. ಕೊಲ್ಲಮೊಗ್ರಿನ ನಮ್ಮ ಮನೆಯಿಂದ ಶಾಲೆ ದೂರವೆಂದು ಅಪ್ಪ ನನ್ನನ್ನು ಅಲ್ಲಿ ಬಿಟ್ಟಿದ್ದರು. ಮಕ್ಕಳಿಲ್ಲದ ಆ ಇಬ್ಬರ ನಡುವೆ ಐದು ವರ್ಷ ನಾನು ಆಡಿದ್ದೇ ಆಟ. ಈಗ ಇಬ್ಬರೂ ಇಲ್ಲ, ಮನೆಯೂ ಇಲ್ಲ. ರಸ್ತೆ ಅಗಲವಾಗುವಾಗ ಮುಂದಿನ ಕೋಣೆ ಹೋಯಿತು, ಉಳಿದದ್ದನ್ನು ಯಾರೋ ಕೊಂಡು ಕೆಡವಿದರು.

ಆ ಕೋಣೆಯ ಕಿಟಕಿಯ ದಳಿಯ ಸರಳುಗಳಲ್ಲಿ ಜಿಗಿಯುವ ಜೇಡಗಳಿದ್ದವು. ಬಲೆ ನೇಯದೆ, ನೊಣದ ಮೇಲೆ ಹಾರಿ ಹಿಡಿಯುವ ಜಾತಿ. ದೊಡ್ಡಮ್ಮನ ಪೊರಕೆ ಆ ಕಿಟಕಿಗೆ ಮಾತ್ರ ತಾಗುವ ಹಾಗಿರಲಿಲ್ಲ. ಗಿರಾಕಿ ಇಲ್ಲದ ಹೊತ್ತು ದೊಡ್ಡಪ್ಪ ಹಳೆಯ ವಾಚಿನ ಗಾಜೊಂದನ್ನು ಮೆಲ್ಲ ಜೇಡದ ಮೇಲೆ ಕವುಚಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಗ್ಗುತ್ತಿದ್ದರು. ಆಮೇಲೆ ಮಸೂರ ನನಗೆ ಕೊಟ್ಟು, "ಎಂತ ಕಾಣ್ತದೆ ಹೇಳು" ಅನ್ನುವರು. ನಾನು ಬಣ್ಣ ಹೇಳಿದರೆ ತಲೆ ಅಲ್ಲಾಡಿಸುವರು. "ಬಣ್ಣ ಮೋಸ ಮಾಡ್ತದೆ ಮಗಾ. ಮೊದಲು ಕಣ್ಣು ನೋಡು, ಮತ್ತೆ ಕಾಲು, ಮತ್ತೆ ಬಾಯಿ ಹತ್ರದ ಮೋಟು ಕೈ." ಮುಖದ ಮೇಲೆ ನಾಲ್ಕು ಕಣ್ಣು, ನಡುವಿನ ಎರಡು ಲಾರಿಯ ಹೆಡ್‌ಲೈಟಿನ ಹಾಗೆ. ಉಳಿದ ನಾಲ್ಕು ತಲೆಯ ಮೇಲೆ, ಹಿಂದೆ ಹಿಂದೆ. ಆ ಹಿಂದಿನ ಕಣ್ಣುಗಳ ನಡುವಿನ ಅಂತರ, ಮುಂಗಾಲು ಉದ್ದವೋ ಹಿಂಗಾಲು ಉದ್ದವೋ, ಮೋಟು ಕೈಯ ತುದಿ ಉಬ್ಬಿದೆಯೋ ಇಲ್ಲವೋ, ಇಷ್ಟನ್ನು ನೋಡಿ ಅವರು ಆ ಕಿಟಕಿಯ ಜೇಡಗಳನ್ನು ಏಳು ಬಗೆ ಮಾಡಿದ್ದರು. ಇರುವೆಯಂತೆಯೇ ಕಾಣುವ ಒಂದನ್ನು ನಾನು ಇರುವೆಯೆಂದು ವಾದಿಸಿದಾಗ, "ಕಾಲು ಲೆಕ್ಕ ಹಾಕು ಮಾರಾಯ್ತಿ" ಎಂದು ಹೊಟ್ಟೆ ಹಿಡಿದು ನಕ್ಕಿದ್ದರು. ಅವರು ಓದಿದ್ದು ಏಳನೆಯವರೆಗೆ. ಜೇಡದ ಬಗ್ಗೆ ಒಂದು ಪುಸ್ತಕವನ್ನೂ ನೋಡಿದವರಲ್ಲ.

ಹೈಸ್ಕೂಲಿಗೆ ಬಂದಮೇಲೆ ನನಗೆ ಆ ಕಿಟಕಿ ಬೇಸರವಾಯಿತು. "ಬೇಗ ಬಾ, ಗಂಡು ಹೆಣ್ಣಿನೆದುರು ಕುಣೀತಾ ಉಂಟು" ಎಂದು ಅವರು ಕರೆದಾಗ "ಓದ್ಲಿಕ್ಕೆ ಉಂಟು ದೊಡ್ಡಪ್ಪ" ಎಂದು ಒಳಗಿನಿಂದಲೇ ಕೂಗುತ್ತಿದ್ದೆ. ಓದುತ್ತಿರಲಿಲ್ಲ, ಗೆಳತಿಯ ವಾರಪತ್ರಿಕೆ ತಿರುವಿಹಾಕುತ್ತಿದ್ದೆ.

ಮುಂದೆ ಎಂ.ಎಸ್ಸಿ.ಗೆ ನಾನು ಆರಿಸಿಕೊಂಡದ್ದು ಅವೇ ಜೇಡಗಳನ್ನು. ಅಂಗರಚನೆ ನೋಡಿ ವರ್ಗೀಕರಿಸುವ ಪ್ರಾಜೆಕ್ಟ್. ಇಬ್ಬರು ಸಹಪಾಠಿಗಳನ್ನು ಕರೆದುಕೊಂಡು ಕಡಬಕ್ಕೆ ಹೋಗಿ, ಹಿಡಿದ ಜೇಡಗಳ ಸೀಸೆಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟೆ. ಕರಿ ಮೈಯ ನಡುವೆ ಬಿಳಿ ಗೀಟಿದ್ದದ್ದು ಒಂದು ಜಾತಿ, ಮಾಸಲು ಕಂದಿನದ್ದು ಇನ್ನೊಂದು ಎಂದು ಅವರಿಗೆ ವಿವರಿಸುತ್ತಿದ್ದೆ. ದೊಡ್ಡಪ್ಪ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಅದು ಎರಡಲ್ಲ ಮಗಾ, ಒಂದೇ. ಕರಿಯದ್ದು ಗಂಡು, ಇದು ಹೆಣ್ಣು. ಅವು ಒಟ್ಟಾಗುದನ್ನು ನಾನು ಕಿಟಕಿಯಲ್ಲಿ ಎಷ್ಟು ಸಲ ನೋಡಿದ್ದೇನೆ."

"ದೊಡ್ಡಪ್ಪ, ಇದು ವಾಚು ರಿಪೇರಿ ಅಲ್ಲ. ಗೊತ್ತಿಲ್ಲದ್ದಕ್ಕೆ ಬಾಯಿ ಹಾಕ್ಬೇಡಿ" ಅಂದೆ. ಸಹಪಾಠಿಗಳು ನಕ್ಕರು. ಅವರು ನಕ್ಕದ್ದು ನನಗೆ ಖುಷಿಯಾಯಿತು, ಅದನ್ನೂ ಹೇಳಿಬಿಡಬೇಕು. ದೊಡ್ಡಪ್ಪ ತಮ್ಮ ವಾಚಿನ ಮೇಜಿಗೆ ಹೋಗಿ ಕೂತರು.

ಮಂಗಳೂರಿನಲ್ಲಿ ಗೈಡ್ ಮೇಡಂ ಎರಡೂ ಸೀಸೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಕರಿಯದರ ಮೋಟು ಕೈಗಳ ತುದಿ ಉಬ್ಬಿತ್ತು, ಅಂದರೆ ಬೆಳೆದ ಗಂಡು. ಕಂದಿನದ್ದು ಅಷ್ಟೂ ಹೆಣ್ಣು. "ಒಂದೇ ಜಾತಿಯ ಗಂಡು ಹೆಣ್ಣನ್ನು ನೀನು ಎರಡು ಜಾತಿ ಮಾಡಿದ್ದೀಯ. ಇವು ಜೊತೆಗೂಡುವುದನ್ನು ಎಲ್ಲಾದರೂ ನೋಡಿದ್ದೀಯಾ?" ಎಂದು ಕೇಳಿದರು. ಮಾನ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ನಾನು, "ನೋಡಿದ್ದೇನೆ ಮೇಡಂ, ನಮ್ಮ ದೊಡ್ಡಪ್ಪನ ಮನೆ ಕಿಟಕಿಯಲ್ಲಿ" ಅಂದೆ. ಹಾಗಾದರೆ ಅದನ್ನೇ ಬರೆ ಎಂದರು. ಬರೆದೆ. ವರದಿಯಲ್ಲಿ ಮನೆಯ ಕಿಟಕಿ ಬಂತು, ಮನೆಯ ಯಜಮಾನ ಬರಲಿಲ್ಲ.

ಬೈಂಡು ಮಾಡಿಸಿದ ವರದಿಯ ಪ್ರತಿ ಹಿಡಿದು ಕಡಬಕ್ಕೆ ಹೋದೆ. ದೊಡ್ಡಪ್ಪ ಕೈ ಒರೆಸಿಕೊಂಡು ಪುಟ ತಿರುವಿದರು. "ಎಲ್ಲ ಇಂಗ್ಲಿಷು. ನೀನೇ ಓದಿ ಹೇಳು." ಕನ್ನಡದಲ್ಲಿ ಹೇಳುತ್ತಾ ಹೋದೆ. ಹೊಗಳಿಕೆ ಸಿಗುವ ಹುರುಪಿನಲ್ಲಿ ಆ ಸಾಲು ಯಾವಾಗ ಬಂತೋ ತಿಳಿಯಲಿಲ್ಲ, ಓದಿಯೇ ಬಿಟ್ಟೆ: ಇವು ಜೊತೆಗೂಡುವುದನ್ನು ಕಿಟಕಿಯಲ್ಲಿ ನಾನು ಕಂಡಿದ್ದೇನೆ.

ಬೈಯುತ್ತಾರೆ ಅಂದುಕೊಂಡೆ. ಅವರ ಮುಖ ಅರಳಿತು. "ನೀನೂ ನೋಡಿದ್ಯಾ? ಅಷ್ಟು ಸಲ ಕರೆದೆ, ನೀನು ಬರ್ಲೇ ಇಲ್ಲ ಅಂತ ನಂಗೆ ಬೇಜಾರಿತ್ತು. ಕುಣಿವಾಗ ಗಂಡು ಮುಂಗಾಲು ಹೇಗೆ ಎತ್ತಿತು?"

"ಬಲಗಾಲು ಮೊದಲು, ಮತ್ತೆ ಎಡಗಾಲು" ಅಂದೆ.

ಅವರು ನನ್ನನ್ನೇ ನೋಡಿದರು. ಒಳಗೆ ದೊಡ್ಡಮ್ಮ ತೆಂಗಿನಕಾಯಿ ತುರಿಯುವ ಸದ್ದು ಕೇಳುತ್ತಿತ್ತು. "ಹೌದಾ? ಇರ್ಬಹುದು. ನನ್ನ ಕಣ್ಣು ಈಗ ಮಂಜು ಮಂಜು. ನಾನು ಸರಿ ನೋಡ್ಲಿಲ್ಲವೋ ಏನೋ" ಅಂದರು. ಮತ್ತೆ ಆ ಮಾತು ಎತ್ತಲಿಲ್ಲ, ಸಾಯುವವರೆಗೂ.

ನಾನೀಗ ಪುತ್ತೂರಿನಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಮಕ್ಕಳಿಗೆ ತೋರಿಸಲೆಂದು ಆ ಜಾತಿಯ ಒಂದು ಗಂಡು, ಒಂದು ಹೆಣ್ಣು ಬಿಟ್ಟಿದ್ದೆ. ಗಂಡು ಮುಂಗಾಲು ಎತ್ತಿತು, ಎರಡನ್ನೂ ಒಟ್ಟಿಗೆ. ಮತ್ತೆ ಎತ್ತಿತು, ಮತ್ತೆ ಒಟ್ಟಿಗೇ. ಒಂದು ಸಲ ನೋಡಿದವರು ಯಾರೂ ತಪ್ಪಿ ಹೇಳುವಂಥದ್ದಲ್ಲ ಅದು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ನಾನು ನಾಚಿಕೆಯಿಂದ ತಲೆ ಎತ್ತಲಾಗದೆ ನಿಂತಿದ್ದೆ.

ದೊಡ್ಡಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ. ವರದಿ ತೋರಿಸಿದ ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಅವರು ಒಂದು ಲೇಡೀಸ್ ವಾಚಿಗೆ ಕೂದಲಿನಷ್ಟು ತೆಳು ಸ್ಪ್ರಿಂಗು ಕೂರಿಸುತ್ತಿದ್ದರು, ಮೊದಲನೆಯ ಸಲಕ್ಕೇ ಕೂತಿತು. ನಾನು ಅದನ್ನು ನೋಡಿದೆ. ನೋಡಿಯೂ "ಬರ್ತೇನೆ ದೊಡ್ಡಪ್ಪ" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.