ಟೇಪಿನ ಕೆಳಗಿನ ಕೆಂಪು ನೂಲು

"ಹ್ಯಾಂಡಲ್ ಮ್ಯಾಲಿನ ಟೇಪ್ ಬಿಚ್ಚಿ ನೋಡು ತಂಗಿ, ಕೆಳಗ ಕೆಂಪು ನೂಲು ಸುತ್ತಿರತೈತಿ" ಎಂದರು, ಮಗಳ ಸೈಕಲ್‌ಗೆ ಗಾಳಿ ಹಾಕಿಸಲು ಬಂದಿದ್ದ ಅಪರಿಚಿತ ಮಹಿಳೆ. ಗದುಗಿನ ಸೈಕಲ್ ಅಂಗಡಿಯಲ್ಲಿ ನಾನು, ಸೆಕೆಂಡ್ ಹ್ಯಾಂಡ್ ಕೊಂಡಿದ್ದ ನನ್ನ ಹಳೆಯ ರೇಸ್ ಸೈಕಲ್‌ಗೆ ಹೊಸ ಗೇರ್, ಚಕ್ರ ಹಾಕಿಸಲೋ, ಅದನ್ನು ಕೊಟ್ಟು ಹೊಸದನ್ನೇ ಕೊಳ್ಳಲೋ ಎಂದು ತಲೆ ಕೆಡಿಸಿಕೊಂಡು ನಿಂತಿದ್ದೆ. ಟೇಪ್ ಬಿಚ್ಚಿದೆ. ನಿಜವಾಗಿಯೂ ಕೆಂಪು ನೂಲಿತ್ತು, ಒಂದೆಳೆಯೂ ಸಡಿಲವಾಗಿರಲಿಲ್ಲ.

ಮದುವೆಗೆ ಮುಂಚೆ ಅವರು ಅದೇ ಸೈಕಲ್ ಮೇಲೆ ರೇಸ್‌ಗಳಲ್ಲಿ ಸ್ಪರ್ಧಿಸಿದ್ದರಂತೆ. ಬೆವರಿಗೆ ಕೈ ಜಾರದಿರಲೆಂದು ಬೆಟಗೇರಿಯಲ್ಲಿ ನೇಕಾರರಾಗಿದ್ದ ಅವರಪ್ಪ ಮಗ್ಗದ ನೂಲು ಸುತ್ತಿಕೊಟ್ಟಿದ್ದರಂತೆ. "ಮದುವಿ ಆದ ಮ್ಯಾಲೆ ಮನಿಯವರು ನನ್ನ ಕೇಳಲಾರದ ಇದನ್ನ ಮಾರಿಬಿಟ್ರು. ಒಂದ ಸುತ್ತ ಹೊಡದು ಬರ್ಲೇನು?" ಎಂದವರೇ ವೇಲನ್ನು ಸೊಂಟಕ್ಕೆ ಬಿಗಿದು ಹೊರಟರು. ತಿರುಗಿ ಬಂದಾಗ ಅವರ ಮುಖ ನೋಡಿ ನನ್ನ ಗೊಂದಲ ಮುಗಿಯಿತು.

ಹೊಸ ಸೈಕಲ್ ನಾನು ಕೊಂಡೆ. ಹಳೆಯದಕ್ಕೆ ಗೇರ್, ಚಕ್ರ ಬದಲಿಸಿ, ನೂಲು ಮುಟ್ಟದೆ, ಅಂಗಡಿಯವರಿಂದ ವಿಳಾಸ ಪಡೆದು ಅವರ ಮನೆ ಮುಂದೆ ನಿಲ್ಲಿಸಿ ಬಂದೆ. ಈಗ ಪ್ರತಿ ಭಾನುವಾರ ಮುಂಡರಗಿ ರಸ್ತೆಯಲ್ಲಿ ನನಗೆ ಕಾಣುವುದು ಅವರ ಬೆನ್ನು ಮಾತ್ರ. ಒಂದಲ್ಲ ಒಂದು ದಿನ ಹಿಡಿದೇ ಹಿಡಿಯುತ್ತೇನೆ.