ಅಕ್ಕನ ಕಂಪ್ಯೂಟರಿನ ದನಿ ಹೋದಾಗ

ಕಂಪ್ಯೂಟರಿನ ದನಿ ನಿಂತದ್ದು ಅಕ್ಕ ಒಂದು ಸಾಲಿನ ನಡುವೆ ಇದ್ದಾಗ. ನಾನು ಒಲೆಯ ಮುಂದಿದ್ದೆ. ಹಿಂದಿನ ವಾರದಿಂದಲೇ ಅದರ ದನಿ ನೆಗಡಿಯಾದವರ ಹಾಗೆ ಒಡೆದಿತ್ತು. ಆವತ್ತು ಪೂರ್ತಿ ಹೋಯಿತು.

"ತಂಗಿ, ಇಲ್ಲಿ ಬಾ. ಏನೂ ಕೇಳವಲ್ದು," ಎಂದು ಅಕ್ಕ ಕರೆದಳು.

ಹೋಗಿ ನೋಡಿದೆ. ಕಂಪ್ಯೂಟರಿಗೆ ಜೋಡಿಸಿದ್ದ ಟಿ.ವಿ. ಪರದೆಯ ಮೇಲೆ ಅಕ್ಷರಗಳು ಸರಿಯಾಗಿಯೇ ಮೂಡಿದ್ದವು. ಆದರೆ ಅಕ್ಕನಿಗೆ ಪರದೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆಕೆಯ ಕಣ್ಣು ಹೋಗಿದ್ದವು.

ಅಕ್ಕ ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದಳು. ದಿನಾ ಬಾಗಲಕೋಟೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಕಣ್ಣೊಳಗಿನ ಒತ್ತಡ ಏರಿ ನೋಟ ಅಂಚಿನಿಂದ ಕರಗುತ್ತ ಬಂದಾಗಲೂ ಯಾರಿಗೂ ಹೇಳಲಿಲ್ಲ. ಬೆರಳಿಗೆ ಕೀಲಿಗಳು ಗೊತ್ತಿದ್ದವಲ್ಲ. ಕೊನೆಗೆ ತಾನು ಹೊಡೆದ ಕಾಗದದಲ್ಲಿ ಏನಿದೆಯೆಂದು ತನಗೇ ಓದಲಾಗದೆ ಮನೆಗೆ ಬಂದು ಕೂತಳು. ಆ ವರ್ಷ ಅವ್ವ ಹಿತ್ತಲ ಬಾವಿಗೆ ಹಲಗೆ ಹೊಡೆಸಿ ಮುಚ್ಚಿಸಿದಳು. ಒಂದು ಮುಂಜಾನೆ ಅಕ್ಕ ಆ ಬಾವಿಯ ಕಟ್ಟೆ ಹಿಡಿದು ನಿಂತದ್ದನ್ನು ಅವ್ವ ನಾನು ಇಬ್ಬರೂ ನೋಡಿದ್ದೆವು.

ಮನಸ್ಸಿಗೆ ಬಂದದ್ದನ್ನು ಬರೆದಿಡುವ ರೂಢಿ ಅಕ್ಕನಿಗೆ ಮೊದಲಿನಿಂದ ಇತ್ತು. "ಬಾಯಿಲೆ ಹೇಳು, ನಾ ಬರ್ಕೋತೇನಿ," ಎಂದು ನಾನು ಅಂದರೆ, "ಬಾಯಿಗೆ ಬರೂದಿಲ್ಲ, ಕೈಗಷ್ಟ ಬರ್ತದ," ಎನ್ನುತ್ತಿದ್ದಳು.

ದುಬೈಯಲ್ಲಿದ್ದ ಸೋದರಮಾವ ರಬ್ಬರ್ ಕೀಲಿಗಳ ಆ ಸಣ್ಣ ಕಂಪ್ಯೂಟರ್ ತಂದುಕೊಟ್ಟದ್ದು ನನಗೆ. ನಾನು ವಿದ್ಯಾಗಿರಿಯ ಕಾಲೇಜೊಂದರಲ್ಲಿ ಫಿಜಿಕ್ಸ್ ಪ್ರಯೋಗಶಾಲೆಯ ಕೆಲಸದಲ್ಲಿದ್ದೆ. ಅದರ ಜೊತೆ ಬಂದ ಪುಸ್ತಕ ಓದಿ ಒಂದು ಪ್ರೋಗ್ರಾಮ್ ಬರೆದೆ. ಕೀಲಿ ಒತ್ತಿದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಸ್ವರ. ಸ್ವರಾಕ್ಷರವಾದರೆ ಉದ್ದ, ವ್ಯಂಜನವಾದರೆ ಗಿಡ್ಡ. ಇನ್ನೊಂದು ಕೀಲಿ ಒತ್ತಿದರೆ ಬರೆದ ಸಾಲನ್ನು ಮೊದಲಿನಿಂದ ನುಡಿಸುತ್ತಿತ್ತು. ನನಗೆ ಇವತ್ತಿಗೂ ಅದು ಬರೀ ಕೊಂಯ್ ಕೊಂಯ್. ಅಕ್ಕ ಅದನ್ನು ಒಂದು ಭಾಷೆಯ ಹಾಗೆ ಕಲಿತುಬಿಟ್ಟಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದಳು, ಕಿವಿಯಿಂದ ಓದುತ್ತಿದ್ದಳು, ತಪ್ಪಿದ್ದಲ್ಲಿ ತಿದ್ದುತ್ತಿದ್ದಳು. ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಡುತ್ತಿದ್ದೆವು. ಮತ್ತೆ ಉಣ್ಣತೊಡಗಿದಳು, ತಲೆ ಬಾಚಿಕೊಳ್ಳತೊಡಗಿದಳು.

ಆ ದನಿ ಹೋಗಿತ್ತು.

ಮೊದಲು ನನ್ನ ಪ್ರೋಗ್ರಾಮಿನಲ್ಲೇ ತಪ್ಪಿರಬೇಕೆಂದುಕೊಂಡೆ. ಅದನ್ನು ಅಳಿಸಿ, ಬರೀ ಒಂದು ಸದ್ದು ಮಾಡು ಎಂಬ ಆಜ್ಞೆ ಕೊಟ್ಟೆ. ಮೌನ. ತಿರುಪು ಬಿಚ್ಚಿ ಒಳಗೆ ನೋಡಿದೆ. ಗುಂಡಿಯಷ್ಟು ಸಣ್ಣ ಸ್ಪೀಕರ್ ಇತ್ತು. ಅದರ ಎರಡು ತಂತಿಗಳಿಗೆ ಟಾರ್ಚಿನ ಸೆಲ್ ಮುಟ್ಟಿಸಿದಾಗ ಟಕ್ ಎಂದಿತು. ಅಂದರೆ ಸ್ಪೀಕರ್ ಜೀವಂತ. ಇನ್ನು ಸಂಶಯ ಉಳಿದದ್ದು ಸದ್ದನ್ನು ದೊಡ್ಡದು ಮಾಡುವ ಮೂರು ಕಾಲಿನ ಟ್ರಾನ್ಸಿಸ್ಟರ್ ಮೇಲೆ. ಊರಿನ ರೇಡಿಯೊ ರಿಪೇರಿಯವರು ನೋಡಿ, "ಇದನ್ನ ನಾವು ಮುಟ್ಟೂದಿಲ್ರಿ," ಎಂದು ಹಿಂದಕ್ಕೆ ಸರಿಸಿದರು. ಇಳಕಲ್ಲಿನ ಒಂದು ಅಂಗಡಿಯಲ್ಲಿ ಅಂಥ ಬಿಡಿಭಾಗ ಸಿಗಬಹುದೆಂದು ಮಾತ್ರ ಹೇಳಿದರು.

ಅಕ್ಕನನ್ನು ಮನೆಯಲ್ಲಿ ಬಿಟ್ಟು ಹೋಗುವ ಧೈರ್ಯ ನನಗಾಗಲಿಲ್ಲ. ಎರಡು ದಿನದಿಂದ ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವ್ವ ಹಿತ್ತಲಿಗೆ ಹೋಗಿ ಹಲಗೆಗಳನ್ನು ಜಗ್ಗಿ ಜಗ್ಗಿ ನೋಡುತ್ತಿದ್ದಳು. ಅಕ್ಕನನ್ನು ಕೈಹಿಡಿದು ಎಬ್ಬಿಸಿ ಬಸ್ಸಿಗೆ ಹತ್ತಿಸಿದೆ.

ಹುನಗುಂದದ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಕೋರ್ಟಿನಲ್ಲಿ ಜೊತೆಗಿದ್ದ ಗುಮಾಸ್ತರೊಬ್ಬರು ಅದೇ ಬಸ್ಸು ಹತ್ತಿದರು. ಗುರುತು ಹಿಡಿದು ಎದುರಿಗೆ ಬಂದು, ಕಿವುಡರಿಗೆ ಹೇಳುವಂತೆ ದೊಡ್ಡ ದನಿಯಲ್ಲಿ, "ಹ್ಯಾಂಗದೀರಿ ಬಾಯಾರ? ಈಗ ಮನ್ಯಾಗ ಏನ ಮಾಡ್ತೀರಿ?" ಎಂದು ಕೇಳಿದರು. ಒಳ್ಳೆಯ ಮನುಷ್ಯ, ಕೆಟ್ಟದ್ದು ಅವರ ಮನಸ್ಸಿನಲ್ಲಿರಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಇಳಕಲ್ ಬರುವವರೆಗೂ ಅಕ್ಕನ ಉಗುರು ನನ್ನ ಅಂಗೈಯಲ್ಲಿ ನೆಟ್ಟಿತ್ತು.

ಟ್ರಾನ್ಸಿಸ್ಟರ್ ಸಿಕ್ಕಿತು. ಮರುದಿನ ಕಾಲೇಜಿನಿಂದ ಸಾಲ್ಡರಿಂಗ್ ಕಡ್ಡಿ ತಂದು, ಹಳೆಯದನ್ನು ಕಿತ್ತು ಹೊಸದನ್ನು ಬೆಸೆದೆ. ಸ್ವಿಚ್ ಹಾಕಿದರೆ ಪರದೆಯೂ ಕಪ್ಪು. ಇಷ್ಟು ದಿನ ದನಿಯಷ್ಟೇ ಇರಲಿಲ್ಲ, ಈಗ ಯಂತ್ರಕ್ಕೆ ಜೀವವೇ ಇಲ್ಲ.

"ಆತೇನು?" ಎಂದಳು ಅಕ್ಕ.

"ಇಲ್ಲ. ಮೊದಲು ಅಕ್ಷರರೆ ಬರ್ತಿದ್ವು, ಈಗ ಅವೂ ಬರವಲ್ವು."

ಆಕೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ, "ಬಿಡು ತಂಗಿ. ನನಗ ಇದನ್ನ ರೂಢಿ ಮಾಡಸಬಾರದಿತ್ತು ನೀ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಯಾರದೋ ಮನೆಯ ಸುದ್ದಿ ಹೇಳಿದಷ್ಟು ತಣ್ಣಗೆ ಹೇಳಿದಳು. ಅವ್ವ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಆ ನೋಟಕ್ಕೆ ಹೆದರಿ ನಾನು ಮತ್ತೆ ಮೇಜಿಗೆ ಕೂತೆ. ಒಂದು ಹಂತದಲ್ಲಿ ಎಲ್ಲವನ್ನೂ ಎತ್ತಿ ನೆಲಕ್ಕೆ ಅಪ್ಪಳಿಸಬೇಕೆನ್ನಿಸಿತು.

ಕಾಲೇಜಿನ ಭೂತಗನ್ನಡಿ ಹಿಡಿದು ಬೆಸುಗೆಗಳನ್ನು ಒಂದೊಂದಾಗಿ ನೋಡಿದೆ. ಸಾಸಿವೆಗಿಂತ ಸಣ್ಣ ಸೀಸದ ಹನಿಯೊಂದು ಪಕ್ಕಪಕ್ಕದ ಎರಡು ಗೆರೆಗಳನ್ನು ಕೂಡಿಸಿಬಿಟ್ಟಿತ್ತು. ಸೂಜಿಯಿಂದ ಕೆರೆದು ತೆಗೆದೆ. ಪರದೆ ಬೆಳಗಿತು. ಅಕ್ಷರ ಬಂದವು. ದನಿ ಮಾತ್ರ ಬರಲೇ ಇಲ್ಲ.

ಆಗ ಉಳಿದದ್ದು ಒಂದೇ ಪ್ರಶ್ನೆ. ಯಂತ್ರದ ಕೆಲಸವನ್ನೆಲ್ಲ ನಡೆಸುವ ದೊಡ್ಡ ಚಿಪ್ಪಿನಿಂದ ಸದ್ದು ಹೊರಡುತ್ತಿದೆಯೋ ಇಲ್ಲವೋ? ಚಿಪ್ಪೇ ಸುಟ್ಟಿದ್ದರೆ ಅಂಥದು ಈ ದೇಶದಲ್ಲಿ ಎಲ್ಲಿ ಸಿಗಬೇಕು. ಕ್ಯಾಸೆಟ್ಟಿಗೆ ತುಂಬುವಾಗ ಹಾಕುವ ತಂತಿ ಕಣ್ಣಿಗೆ ಬಿತ್ತು. ಅದೂ ಆ ಚಿಪ್ಪಿನಿಂದಲೇ ಬರುತ್ತದೆ, ಆದರೆ ಸ್ಪೀಕರಿನ ದಾರಿ ಹಿಡಿಯುವುದಿಲ್ಲ. ತಂತಿಯನ್ನು ರೆಕಾರ್ಡರಿಗೆ ಸಿಕ್ಕಿಸಿ, ರೆಕಾರ್ಡ್ ಗುಂಡಿ ಒತ್ತಿ, ಇಯರ್‌ಫೋನ್ ಕಿವಿಗಿಟ್ಟುಕೊಂಡೆ. ಪ್ರೋಗ್ರಾಮ್ ಹಾಕಿ ಕೀಲಿ ಒತ್ತಿದೆ. ನನಗೆ ಬರೀ ಸುಂಯ್ ಎನ್ನುವ ಗಾಳಿ ಕೇಳಿತು.

ಎರಡೂ ಯಂತ್ರಗಳನ್ನು ತಂತಿ ಸಮೇತ ಮಲಗಿದ್ದ ಅಕ್ಕನ ಹತ್ತಿರ ಸರಿಸಿ ಕೂತು, "ಒಂದ ಸಲ ಕೇಳಿ ನೋಡು," ಎಂದು ಬೇಡಿಕೊಂಡೆ. ಒಲ್ಲೆ ಎನ್ನುವಂತೆ ತಲೆ ತಿರುಗಿಸಿದಳು. ನನ್ನ ಕಡೆಗಿದ್ದ ಕಿವಿಗೇ ಇಯರ್‌ಫೋನ್ ಇಟ್ಟೆ. ಮತ್ತೆ ಕೀಲಿ ಒತ್ತಿದೆ.

ಆಕೆ ಕೈ ಎತ್ತಿದಳು. "ತಡಿ. ಇನ್ನೊಮ್ಮೆ ಒತ್ತು."

ಒತ್ತಿದೆ.

"ಅದು ಕ," ಎಂದಳು. "ಭಾಳ ದೂರ ಐತಿ. ಆದ್ರ ಕ ನ ಅದು."

ನಾನು ಒತ್ತಿದ್ದು ಅದೇ ಕೀಲಿ. ಕೂತಲ್ಲೇ ಅತ್ತುಬಿಟ್ಟೆ. ಆಕೆ ಮಾತ್ರ ಅಳಲಿಲ್ಲ. ಎದ್ದು ಕೂತು, "ಮುಂದ ಒತ್ತು," ಎಂದಳು.

ಚಿಪ್ಪಿನಿಂದ ಸ್ಪೀಕರಿನವರೆಗಿನ ದಾರಿ ಎಲ್ಲಿ ತುಂಡಾಗಿತ್ತೋ ನನಗೆ ಕೊನೆಗೂ ಸಿಗಲಿಲ್ಲ. ಆ ಸ್ಪೀಕರ್ ಮತ್ತೆಂದೂ ನುಡಿಯಲಿಲ್ಲ. ಅಪ್ಪನ ಕಾಲದ ಬ್ಯಾಟರಿ ರೇಡಿಯೊ ಬಿಚ್ಚಿ, ಅದರ ದನಿ ಹೆಚ್ಚುಕಡಿಮೆ ಮಾಡುವ ಗುಂಡಿಯ ಹಿಂದೆ ಕ್ಯಾಸೆಟ್ ತಂತಿಯನ್ನು ಬೆಸೆದೆ. ಹಿನ್ನೆಲೆಯಲ್ಲಿ ಸದಾ ಒಂದು ಗುಂಯ್ ಉಳಿಯಿತು. ಆದರೆ ಅಕ್ಷರಗಳು ಮನೆ ತುಂಬ ಕೇಳಿಸಿದವು. ಅಕ್ಕ ಕೂತಲ್ಲಿಂದ ಏಳಲಿಲ್ಲ. ಅವ್ವ ರೊಟ್ಟಿಯ ತಾಟು ಪಕ್ಕದಲ್ಲಿಟ್ಟು ಹೋದಳು. ಎಡಗೈಯಲ್ಲಿ ಬರೆಯುತ್ತ ಬಲಗೈಯಲ್ಲಿ ಉಂಡಳು.

ಆಮೇಲೂ ರೇಡಿಯೊ ಆಗಾಗ ಕೆಮ್ಮಿ ನಿಲ್ಲುತ್ತಿತ್ತು. ನಿಂತಾಗಲೆಲ್ಲ ತಂತಿ ಅಲುಗಿಸಿ ನೋಡಲು ಓಡುತ್ತಿದ್ದೆ. ಕಾಲೇಜಿನಲ್ಲಿ ಪ್ರಯೋಗಗಳ ನಡುವೆಯೂ ಮನೆಯಲ್ಲಿ ಈಗ ಸದ್ದಿದೆಯೋ ಇಲ್ಲವೋ ಎಂಬುದೇ ಧ್ಯಾನ.

ರೇಡಿಯೊ ಮೊದಲ ಸಲ ಅಕ್ಷರ ನುಡಿದ ಆ ದಿನ ಸಂಜೆ ಪಕ್ಕದ ಮನೆಯ ಹಿರಿಯಾಕೆ ಕಟ್ಟೆಯ ಮೇಲಿಂದ ಬೈದರು. "ಏನ ಬಾರಸಾಕತ್ತೀರಿ ಅದು, ಮಧ್ಯಾಹ್ನದಿಂದ ತಲಿ ಚಿಟ್ಟ ಹಿಡದೈತಿ."

ಹೊರಗಿನವರೊಡನೆ ಮಾತಾಡುವುದನ್ನು ಅಕ್ಕ ಯಾವಾಗಲೋ ಬಿಟ್ಟಿದ್ದಳು. ನಾನೇ ಉತ್ತರ ಕೊಡಲೆಂದು ಎದ್ದೆ. ಅಷ್ಟರಲ್ಲಿ ಆಕೆ ಗೋಡೆ ಹಿಡಿದು ಬಾಗಿಲವರೆಗೆ ಹೋಗಿದ್ದಳು.

"ಬಾರಸಾಕತ್ತಿಲ್ರಿ ಕಾಕು, ಬರಿಯಾಕತ್ತೇನಿ," ಎಂದಳು. "ಸಣ್ಣ ಮಾಡ್ತೇನಿ, ತಡೀರಿ."